ಎಷ್ಟು ಎತ್ತಿದ, ಎಷ್ಟು ಬೇಗ ಎತ್ತಿದ? ಕ್ರೀಡಾಪಟುಗಳ ಬಲ ಮತ್ತು ಪವರ್ ಅಳೆಯುವ ಬಗೆ

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಚೀಲ ಎತ್ತುವ ಸ್ಪರ್ಧೆ ನೋಡಿರುತ್ತೀರಿ. ನೂರು ಕೆಜಿ ಜೋಳದ ಚೀಲ. ಒಬ್ಬ ಪೈಲ್ವಾನ ಬಂದು ಹಲ್ಲು ಕಚ್ಚಿ ಅದನ್ನು ಮೊದಲು ತೊಡೆಗೆ ತರುತ್ತಾನೆ. ಅಲ್ಲಿ ಒಂದು ಉಸಿರು ತೆಗೆದುಕೊಂಡು ಎದೆಗೆ ತರುತ್ತಾನೆ. ಆಮೇಲೆ ಹೆಗಲಿಗೆ. ಇನ್ನೊಬ್ಬ ಬಗ್ಗಿದವನೇ ಒಂದೇ ಎಳೆತಕ್ಕೆ ಹೆಗಲ ಮೇಲೆ ಒಗೆದುಕೊಳ್ಳುತ್ತಾನೆ. ಹಲಗೆ ವಾದ್ಯ ಇಬ್ಬರಿಗೂ ಒಂದೇ ಸಮ ಬಾರಿಸುತ್ತಾರೆ. ಲೆಕ್ಕದಲ್ಲಿ ಇಬ್ಬರೂ ಎತ್ತಿದ್ದು ನೂರು ಕೆಜಿಯೇ. ಆದರೂ ಇಬ್ಬರ ನಡುವೆ ಏನೋ ವ್ಯತ್ಯಾಸ ಇದೆ ಅಂತ ನೋಡುತ್ತಾ ನಿಂತ ಎಲ್ಲರಿಗೂ ಗೊತ್ತಾಗುತ್ತದೆ.

ಆ ವ್ಯತ್ಯಾಸದ ಹೆಸರೇ ಪವರ್. ಸ್ನಾಯು ಎಷ್ಟು ಬಲ ಹಾಕಬಲ್ಲದು ಅನ್ನುವುದು ಸ್ಟ್ರೆಂತ್. ಆ ಬಲವನ್ನು ಎಷ್ಟು ವೇಗದಲ್ಲಿ ಹಾಕಬಲ್ಲದು ಅನ್ನುವುದು ಪವರ್. ಹೈಸ್ಕೂಲ್ ವಿಜ್ಞಾನದಲ್ಲಿ ಇದನ್ನೇ 'ಸಾಮರ್ಥ್ಯ' ಅಂತ ಓದಿದ್ದೆವು, ಅಲ್ವಾ? ಮಾಡಿದ ಕೆಲಸವನ್ನು ಹಿಡಿದ ಸಮಯದಿಂದ ಭಾಗಿಸುವುದು. ಮೈದಾನದಲ್ಲಿ ಎಲ್ಲರೂ ಪವರ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ನೂರು ಕೆಜಿಯನ್ನು ಒಂದು ಮೀಟರ್ ಮೇಲೆತ್ತಿದರೆ ಆಗುವ ಕೆಲಸ 981 ಜೂಲ್. ಒಂದು ಸೆಕೆಂಡಿನಲ್ಲಿ ಎತ್ತಿದವನ ಪವರ್ 981 ವ್ಯಾಟ್. ಎರಡು ಸೆಕೆಂಡ್ ತೆಗೆದುಕೊಂಡವನದು ಅದರ ಅರ್ಧ, 490 ವ್ಯಾಟ್. 746 ವ್ಯಾಟ್‌ಗೆ ಒಂದು ಎಚ್‌ಪಿ, ಹೊಲದ ಪಂಪ್‌ಸೆಟ್‌ಗೆ ಹೇಳುತ್ತೇವಲ್ಲ, ಅದೇ. ಅಂದರೆ ಒಂದು ಸೆಕೆಂಡಿನಲ್ಲಿ ಎತ್ತಿದವನು ಅಷ್ಟು ಹೊತ್ತು ಒಂದು ಎಚ್‌ಪಿ ದಾಟಿದ್ದ.

ನನಗೆ ಈ ವಿಷಯ ತಲೆಗೆ ಹತ್ತಿದ್ದು ಅಕ್ಕನ ಮಗಳಿಂದ. ಅವಳು ಟ್ರಿಪಲ್ ಜಂಪ್ ಮಾಡುತ್ತಾಳೆ, ಓಡಿ ಬಂದು ಸಾಲಾಗಿ ಮೂರು ಸಲ ಚಿಮ್ಮುವ ಆಟ. ಒಂದು ದಿನ ಫೋನ್ ಹಿಡಿದುಕೊಂಡು ಬಂದಳು. ಮುಖ ಸಪ್ಪಗಿತ್ತು. "ಮಾಮ, ನಿಂತಲ್ಲೇ ಮೇಲಕ್ಕೆ ಜಿಗಿಯೋ ಟೆಸ್ಟಲ್ಲಿ ಹೋದ ವಾರ ನನ್ನ ಜಂಪ್ 37 ಸೆಂಟಿಮೀಟರ್ ಬಂದಿತ್ತು. ಈ ವಾರ ಬರೀ 31. ನಾನು ವೀಕ್ ಆಗಿದೀನಾ?" ಒಂದು ವಾರದಲ್ಲಿ ಸುಮ್ಮಸುಮ್ಮನೆ ಯಾರೂ ಆರು ಸೆಂಟಿಮೀಟರ್ ಕಳೆದುಕೊಳ್ಳುವುದಿಲ್ಲ. ತಪ್ಪು ಕಾಲಿನಲ್ಲಿ ಇರಲಿಲ್ಲ, ಅಳತೆಯಲ್ಲಿತ್ತು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು ಸ್ನಾಯುವಿನ ವಿಷಯ ಸ್ವಲ್ಪ ತಿಳಿಯಬೇಕು.

1938ರಲ್ಲಿ ಇಂಗ್ಲೆಂಡಿನ ಎ. ವಿ. ಹಿಲ್ ಕಪ್ಪೆಯ ಸ್ನಾಯುಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಅದಾಗಲೇ ಅವರಿಗೆ ನೊಬೆಲ್ ಬಂದಿತ್ತು. ಸ್ನಾಯುವಿಗೆ ಕಟ್ಟಿದ ಭಾರ ಜಾಸ್ತಿಯಾದಷ್ಟೂ ಅದು ಕುಗ್ಗುವ ವೇಗ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಅವರು ಸಮೀಕರಣ ಕೊಟ್ಟರು. ನಮಗೆ ದಿನಾ ಕಾಣುವ ಸಂಗತಿಯೇ ಇದು. ಖಾಲಿ ಕೊಡ ಸರ್ರನೆ ಮೇಲೆ ಬರುತ್ತದೆ, ತುಂಬಿದ ಕೊಡ ನಿಧಾನ. ಅಲ್ಲಾಡದ ಬಂಡೆಯನ್ನು ತಳ್ಳಿದರೆ ಬಲವೆಲ್ಲ ಹಾಕಿರುತ್ತೀರಿ, ಆದರೆ ವೇಗ ಸೊನ್ನೆ. ಹಾಗಾಗಿ ಪವರ್ ಕೂಡ ಸೊನ್ನೆ. ಬರಿಗೈ ಬೀಸಿದರೆ ವೇಗ ಪೂರ್ತಿ ಇರುತ್ತದೆ, ಆದರೆ ಬಲ ಹಾಕಲು ಅಲ್ಲಿ ಏನೂ ಇಲ್ಲ. ಪವರ್ ಅತಿ ಹೆಚ್ಚು ಸಿಗುವುದು ಇವೆರಡರ ನಡುವೆ ಎಲ್ಲೋ. ಬಿಡಿ ಸ್ನಾಯುವಿನಲ್ಲಿ ಅದು ಗರಿಷ್ಠ ಬಲದ ಸುಮಾರು ಮೂರನೇ ಒಂದು ಪಾಲಿನಲ್ಲಿ ಬರುತ್ತದೆ. ಇಡೀ ದೇಹದ ಚಲನೆಗೆ ಬಂದರೆ ಒಂದೊಂದಕ್ಕೆ ಒಂದೊಂದು ಲೆಕ್ಕ. ಕುಕ್ಕರಗಾಲಿನಿಂದ ಮೇಲಕ್ಕೆ ಜಿಗಿಯುವುದಕ್ಕೆ ನಮ್ಮ ಮೈಭಾರವೇ ಸಾಕು. ಭಾರ ಹಾಕಿದ ಕಂಬಿಯನ್ನು ನೆಲದಿಂದ ಒಂದೇ ಎಳೆತಕ್ಕೆ ಹೆಗಲಿಗೆ ತರುವ ಕ್ಲೀನ್‌ನಂಥ ಎತ್ತಿಗೆ ಗರಿಷ್ಠ ಭಾರದ 70ರಿಂದ 80 ಶೇಕಡ ಬೇಕು.

ಇಲ್ಲಿ ಹೆಸರಿನ ಗೊಂದಲವೊಂದಿದೆ. ಪವರ್‌ಲಿಫ್ಟಿಂಗ್ ಅನ್ನುವ ಆಟದಲ್ಲಿ ಅಳೆಯುವುದು ಹೆಚ್ಚಾಗಿ ಸ್ಟ್ರೆಂತ್. ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು), ಡೆಡ್‌ಲಿಫ್ಟ್ (ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು) ಮೂರರಲ್ಲೂ ಕೊನೆಯ ಭಾರ ಕೆಲವು ಸೆಕೆಂಡ್ ಹೆಣಗಾಡಿದರೂ ನಡೆಯುತ್ತದೆ. ನಿಜವಾದ ಪವರ್ ಬೇಕಾಗುವುದು ಒಲಿಂಪಿಕ್ ವೇಟ್‌ಲಿಫ್ಟಿಂಗ್‌ಗೆ. ಕಂಬಿಯನ್ನು ನೆಲದಿಂದ ಒಂದೇ ಸಲಕ್ಕೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ ನೆಲ ಬಿಟ್ಟ ಕಂಬಿಯನ್ನು ಒಂದು ಸೆಕೆಂಡಿನ ಒಳಗೇ ಎಳೆದು ಮುಗಿಸಿ ಅದರ ಕೆಳಗೆ ನುಗ್ಗಬೇಕು. ನಿಧಾನವಾಗಿ ಎಳೆದರೆ ಎಷ್ಟು ಬಲ ಇದ್ದರೂ ಕಂಬಿ ಮೇಲೆ ಬರುವುದೇ ಇಲ್ಲ.

ಮೊದಲು ಸ್ಟ್ರೆಂತ್ ಅಳೆಯುವ ವಿಷಯ. ಜಿಮ್‌ಗೆ ಹೋಗುವವರಿಗೆಲ್ಲ ಗೊತ್ತಿರುವ ಟೆಸ್ಟ್ ಒಂದಿದೆ. ಒಂದೇ ಒಂದು ಸಲ ಎತ್ತಲು ಆಗುವ ಗರಿಷ್ಠ ಭಾರ, ಅಂದರೆ ಒನ್ ಆರ್‌ಎಂ. ಮೈ ಬಿಸಿ ಮಾಡಿಕೊಂಡು, ಅರ್ಧ ಭಾರದಿಂದ ಶುರುಮಾಡಿ, ಮೇಲೆ ಹೋದಂತೆ ನಡುವೆ ಮೂರರಿಂದ ಐದು ನಿಮಿಷ ವಿಶ್ರಾಂತಿ ಕೊಟ್ಟು, ನಾಲ್ಕೈದು ಪ್ರಯತ್ನದೊಳಗೆ ಮುಗಿಸಬೇಕು. ಅದಕ್ಕಿಂತ ಜಾಸ್ತಿ ಪ್ರಯತ್ನ ಆದರೆ ಸುಸ್ತನ್ನು ಅಳೆದ ಹಾಗೆ ಆಗುತ್ತದೆ. ಎಳೆಯರಿಗೆ, ಹೊಸಬರಿಗೆ ಪೂರ್ತಿ ಭಾರ ಹೊರಿಸಲು ಕೋಚ್‌ಗಳು ಹಿಂಜರಿಯುತ್ತಾರೆ, ಅದು ಸರಿಯೇ. ಅವರಿಗೆ ಲೆಕ್ಕದ ದಾರಿ ಇದೆ. ಅಮೆರಿಕದ ಬಾಯ್ಡ್ ಎಪ್ಲೀ ಅವರ ಹೆಸರಿನ ಸೂತ್ರ: ಎತ್ತಿದ ಸಲಗಳನ್ನು 30ರಿಂದ ಭಾಗಿಸಿ, ಒಂದು ಕೂಡಿಸಿ, ಭಾರದಿಂದ ಗುಣಿಸಿ. ನೂರು ಕೆಜಿಯನ್ನು ಐದು ಸಲ ಎತ್ತಿದರೆ ಒನ್ ಆರ್‌ಎಂ ಸುಮಾರು 117 ಕೆಜಿ. ಹತ್ತು ಸಲಕ್ಕಿಂತ ಜಾಸ್ತಿ ಎತ್ತುವಷ್ಟು ಹಗುರ ಭಾರಕ್ಕೆ ಈ ಸೂತ್ರವನ್ನು ನಂಬಬೇಡಿ.

ಈ ಟೆಸ್ಟಿನಲ್ಲಿ ನಂಬರ್ ಕೆಡುವುದು ತಕ್ಕಡಿಯಿಂದ ಅಲ್ಲ, ಆಳದಿಂದ. ಸ್ಕ್ವಾಟ್‌ನಲ್ಲಿ ಸೊಂಟದ ಮಡಿಕೆ ಮಂಡಿಗಿಂತ ಕೆಳಗೆ ಹೋಗುವ ತನಕ ಕೂತರೆ ಒಂದು ಭಾರ, ಅರ್ಧ ಕೂತರೆ ಅದಕ್ಕಿಂತ ಎಷ್ಟೋ ಜಾಸ್ತಿ ಭಾರ. ಹೋದ ತಿಂಗಳು ಪೂರ್ತಿ ಕೂತು, ಈ ತಿಂಗಳು ಮುಕ್ಕಾಲು ಕೂತರೆ 'ಹತ್ತು ಕೆಜಿ ಏರಿತು' ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಏರಿದ್ದು ಪೃಷ್ಠ ಮಾತ್ರ.

ಈಚೆಗೆ ಕಂಬಿಗೆ ಒಂದು ದಾರ ಕಟ್ಟಿ, ಅದು ಎಷ್ಟು ವೇಗದಲ್ಲಿ ಮೇಲೆ ಹೋಯಿತು ಅಂತ ನೋಡುವ ಉಪಕರಣ ಬಂದಿದೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು. ಒಬ್ಬರ ಗರಿಷ್ಠ ಭಾರದ ಹತ್ತಿರ ಹೋದಾಗ ಕಂಬಿಯ ವೇಗ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಸ್ಕ್ವಾಟ್‌ನಲ್ಲಿ ಸೆಕೆಂಡಿಗೆ ಸುಮಾರು 0.3 ಮೀಟರ್, ಬೆಂಚ್ ಪ್ರೆಸ್‌ನಲ್ಲಿ ಸುಮಾರು 0.15ರಿಂದ 0.17. ಹಾಗಾಗಿ ನಾಲ್ಕೈದು ಹಗುರ ಭಾರಗಳ ವೇಗ ನೋಡಿ ಗೆರೆ ಎಳೆದರೆ ಗರಿಷ್ಠ ಎಲ್ಲಿ ಬರುತ್ತದೆ ಅಂತ ಅಂದಾಜು ಸಿಗುತ್ತದೆ. ಪಂದ್ಯದ ವಾರದಲ್ಲಿ ಯಾರನ್ನೂ ಪೂರ್ತಿ ಹಿಂಡದೆ ಅವರ ಬಲ ಎಲ್ಲಿದೆ ಅಂತ ತಿಳಿಯಬಹುದು.

ಆದರೆ ಒನ್ ಆರ್‌ಎಂ ಹೇಳದ ಸಂಗತಿ ಒಂದಿದೆ, ಅದು ಸಮಯ. ಸ್ನಾಯು ತನ್ನ ಪೂರ್ತಿ ಬಲಕ್ಕೆ ಬರಲು ಸೆಕೆಂಡಿನ ಹತ್ತರಲ್ಲಿ ಮೂರು ಪಾಲು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕು. ಈಗ ಉಸೇನ್ ಬೋಲ್ಟ್ ಅವರನ್ನು ನೆನೆಯಿರಿ. 2009ರಲ್ಲಿ ಬರ್ಲಿನ್‌ನಲ್ಲಿ ನೂರು ಮೀಟರ್‌ಗೆ 9.58 ಸೆಕೆಂಡ್. ಆ ಮಟ್ಟದ ಓಟಗಾರರು ಪೂರ್ತಿ ವೇಗದಲ್ಲಿದ್ದಾಗ ಪಾದ ನೆಲದ ಮೇಲೆ ಇರುವುದು ಹತ್ತನೇ ಒಂದು ಸೆಕೆಂಡ್, ಅಥವಾ ಅದಕ್ಕೂ ಕಡಿಮೆ. ಅಷ್ಟರಲ್ಲಿ ಹಾಕಿದಷ್ಟೇ ಬಲ. ಇನ್ನೂ ಬಲ ಉಳಿದಿದ್ದರೂ ಅದನ್ನು ಹಾಕಲು ಹೊತ್ತಿಲ್ಲ, ಪಾದ ಆಗಲೇ ಗಾಳಿಯಲ್ಲಿರುತ್ತದೆ. ನೀರಜ್ ಚೋಪ್ರಾ ಎಸೆಯುವ ಜಾವೆಲಿನ್ ತೂಕ ಬರೀ 800 ಗ್ರಾಂ. ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲೂ ತರಬೇತಿ ಪಡೆದವರು ಅವರು. 2025ರ ಮೇ ತಿಂಗಳಲ್ಲಿ ದೋಹಾದಲ್ಲಿ 90.23 ಮೀಟರ್ ಎಸೆದರು. ಅಷ್ಟು ದೂರಕ್ಕೆ ಕೈಬಿಡುವಾಗ ಜಾವೆಲಿನ್‌ನ ವೇಗ ಗಂಟೆಗೆ 100 ಕಿಲೋಮೀಟರ್ ದಾಟಿರಬೇಕು. ಅದಕ್ಕೆ ಬೆಂಚ್ ಪ್ರೆಸ್‌ನಲ್ಲಿ ಎಷ್ಟು ಎತ್ತುತ್ತೀರಿ ಅನ್ನುವ ಪ್ರಶ್ನೆ ಅರ್ಧ ಉತ್ತರವನ್ನೂ ಕೊಡುವುದಿಲ್ಲ.

ಅದಕ್ಕೇ ಬಲ ಏರುವ ದರ ಅಂತ ಬೇರೆಯಾಗಿ ಅಳೆಯುತ್ತಾರೆ. ಅದರ ಟೆಸ್ಟ್ ನೋಡಲು ವಿಚಿತ್ರ. ತೊಡೆಯ ನಡುಮಟ್ಟಕ್ಕೆ ಒಂದು ಕಂಬಿಯನ್ನು ಅಲ್ಲಾಡದ ಹಾಗೆ ಬಿಗಿದಿರುತ್ತಾರೆ. ಕಾಲ ಕೆಳಗೆ ಬಲ ಅಳೆಯುವ ಹಲಗೆ. "ಎಳಿ" ಅಂದ ಕೂಡಲೇ ಜೀವ ಹೋಗುವ ಹಾಗೆ ಎಳೆಯಬೇಕು. ಏನೂ ಅಲ್ಲಾಡುವುದಿಲ್ಲ. ಹೊರಗಿನವರಿಗೆ ಸುಮ್ನೆ ನಿಂತ ಹಾಗೆ ಕಾಣುತ್ತದೆ. ಆದರೆ ಪರದೆಯ ಮೇಲೆ ಗೆರೆ ಏರುತ್ತಿರುತ್ತದೆ. 0.1 ಸೆಕೆಂಡಿಗೆ ಎಷ್ಟು, 0.2ಕ್ಕೆ ಎಷ್ಟು, ಕೊನೆಗೆ ಎಷ್ಟು ಅಂತ ಓದುತ್ತಾರೆ. ಇಬ್ಬರ ಗೆರೆಯ ತುದಿ ಒಂದೇ ಎತ್ತರದಲ್ಲಿರಬಹುದು. ಆದರೆ ಒಬ್ಬರ ಗೆರೆ ಗೋಡೆಯ ಹಾಗೆ ನೆಟ್ಟಗೆ ಏರಿರುತ್ತದೆ, ಇನ್ನೊಬ್ಬರದು ಇಳಿಜಾರಿನ ಹಾಗೆ. ಓಟಕ್ಕೆ, ಜಿಗಿತಕ್ಕೆ ಬೇಕಾದ್ದು ಗೋಡೆ.

ಈಗ ಅಕ್ಕನ ಮಗಳ ಜಿಗಿತಕ್ಕೆ ಬರೋಣ. ಪವರ್ ಅಳೆಯಲು ಜಿಗಿತಕ್ಕಿಂತ ಅಗ್ಗದ, ಒಳ್ಳೆಯ ಟೆಸ್ಟ್ ಇಲ್ಲ. 1921ರಲ್ಲೇ ಅಮೆರಿಕದ ಡಡ್ಲಿ ಸಾರ್ಜೆಂಟ್ ಇದನ್ನು ಬರೆದಿಟ್ಟರು. ಗೋಡೆಯ ಪಕ್ಕ ನಿಂತು ಕೈ ಎಲ್ಲಿಗೆ ಮುಟ್ಟುತ್ತದೆ ಅಂತ ಗುರುತು ಹಾಕಿ. ಜಿಗಿದು ಇನ್ನೊಂದು ಗುರುತು ಹಾಕಿ. ನಡುವಿನ ಅಂತರವೇ ಜಿಗಿತ. ಸೀಮೆಸುಣ್ಣದ ಪುಡಿ ಬೆರಳಿಗೆ ಹಚ್ಚಿಕೊಂಡರೆ ಮುಗಿಯಿತು. ಇವತ್ತಿಗೂ ಎಷ್ಟೋ ಕಡೆ ಹೀಗೇ ಅಳೆಯುತ್ತಾರೆ. ತೊಂದರೆ ಏನೆಂದರೆ ಮೊದಲ ಗುರುತು ಹಾಕುವಾಗ ಭುಜ ಪೂರ್ತಿ ಎತ್ತದೆ ನಿಂತರೆ, ಪುಕ್ಕಟೆ ಎರಡು ಮೂರು ಸೆಂಟಿಮೀಟರ್ ಸಿಗುತ್ತದೆ.

ಅಕ್ಕನ ಮಗಳು ಬಳಸಿದ್ದು ಇನ್ನೊಂದು ದಾರಿ, ಗಾಳಿಯಲ್ಲಿ ಇದ್ದ ಸಮಯ. ಇಟಲಿಯ ಕಾರ್ಮೆಲೊ ಬಾಸ್ಕೊ 1980ರ ದಶಕದಲ್ಲಿ ಇದನ್ನು ಜನಪ್ರಿಯ ಮಾಡಿದರು. ಕಾಲು ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವ ತನಕದ ಸಮಯವನ್ನು ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 9.81ರಿಂದ ಗುಣಿಸಿ, 8ರಿಂದ ಭಾಗಿಸಿದರೆ ಎತ್ತರ ಮೀಟರ್‌ನಲ್ಲಿ ಸಿಗುತ್ತದೆ. ಅರ್ಧ ಸೆಕೆಂಡ್ ಗಾಳಿಯಲ್ಲಿದ್ದರೆ 30.7 ಸೆಂಟಿಮೀಟರ್. ಇವತ್ತು ಫೋನಿನ ಸ್ಲೋಮೋಷನ್ ವಿಡಿಯೊ ಸಾಕು ಇದಕ್ಕೆ. ಸೆಕೆಂಡಿಗೆ 240 ಫ್ರೇಮ್ ಇದ್ದರೆ ಒಂದು ಫ್ರೇಮ್ ಆಚೀಚೆ ಆದರೂ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಅಷ್ಟೇ. ಮಾಮೂಲಿ 30 ಫ್ರೇಮ್ ವಿಡಿಯೊದಲ್ಲಿ ಒಂದು ಫ್ರೇಮ್ ತಪ್ಪಿದರೆ ನಾಲ್ಕು ಸೆಂಟಿಮೀಟರ್ ಹೋಯಿತು.

ಅವಳ ಎರಡೂ ವಿಡಿಯೊ 240 ಫ್ರೇಮಿನವೇ. ಇಬ್ಬರೂ ಕೂತು ಒಂದೊಂದೇ ಫ್ರೇಮ್ ಎಣಿಸಿದೆವು. ಈ ವಾರದ್ದು 120 ಫ್ರೇಮ್. ಹೋದ ವಾರದ್ದು 132. ಎಣಿಕೆಯೇನೋ ಸರಿ ಇತ್ತು. ಆಮೇಲೆ ಇಳಿಯುವ ಗಳಿಗೆಯ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆವು. ಈ ವಾರ ಕಾಲು ನೆಟ್ಟಗಿಟ್ಟು ತುದಿಗಾಲಿನಲ್ಲಿ ಇಳಿದಿದ್ದಾಳೆ. ಹೋದ ವಾರ ಮಂಡಿ ಮಡಚಿಕೊಂಡು, ಪಾದ ಮೇಲೆಳೆದುಕೊಂಡು ಇಳಿದಿದ್ದಾಳೆ. ದೇಹ ಅಷ್ಟೇ ಎತ್ತರ ಹೋಗಿ ಕೆಳಗೆ ಬಂದಿತ್ತು, ಪಾದ ಮಾತ್ರ ತಡವಾಗಿ ನೆಲ ಮುಟ್ಟಿತ್ತು. ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ತಡ, ಅದಕ್ಕೆ ಆರು ಸೆಂಟಿಮೀಟರ್ ಬೆಲೆ. "ಹಂಗಾದ್ರೆ 37 ಸುಳ್ಳಾ?" ಅಂದಳು. ಸುಳ್ಳು ಅಂದಾಗ ಕಣ್ಣಲ್ಲಿ ನೀರು ಬಂದಿತ್ತು. ನನಗೂ ಬೇಜಾರಾಯಿತು. ಆದರೆ ಸುಳ್ಳು ನಂಬರ್ ಹಿಂದೆ ಓಡಿ ಅವಳು ತರಬೇತಿ ಬದಲಿಸಿಕೊಂಡಿದ್ದರೆ ಇನ್ನೂ ಬೇಜಾರಾಗುತ್ತಿತ್ತು.

ಕೈ ಬೀಸುವುದೂ ಹಾಗೇ. ಕೈ ಬೀಸಿ ಜಿಗಿದರೆ ಹತ್ತು ಶೇಕಡಕ್ಕೂ ಜಾಸ್ತಿ ಎತ್ತರ ಸಿಗುವುದು ಸಾಮಾನ್ಯ. ಅದಕ್ಕೇ ಕಾಲಿನ ಪವರ್ ಮಾತ್ರ ಬೇಕೆಂದರೆ ಎರಡೂ ಕೈ ಸೊಂಟದ ಮೇಲಿರಬೇಕು. ಇನ್ನು ಜಿಗಿಯುವ ಬಗೆಯಲ್ಲೂ ಮಾಹಿತಿ ಅಡಗಿದೆ. ಕೂತ ಭಂಗಿಯಲ್ಲಿ ತಡೆದು ನಿಂತು ಜಿಗಿಯುವುದು ಒಂದು. ನಿಂತಲ್ಲಿಂದ ಸರ್ರನೆ ಕುಗ್ಗಿ ಚಿಮ್ಮುವುದು ಇನ್ನೊಂದು, ಇದರಲ್ಲಿ ಸಾಮಾನ್ಯವಾಗಿ ಎತ್ತರ ಜಾಸ್ತಿ. ಪೆಟ್ಟಿಗೆಯ ಮೇಲಿಂದ ಕೆಳಗೆ ಬಿದ್ದು ನೆಲ ಮುಟ್ಟಿದ ಕೂಡಲೇ ಚೆಂಡಿನ ಹಾಗೆ ಪುಟಿಯುವುದು ಮೂರನೆಯದು. ಇದರಲ್ಲಿ ಎತ್ತರವನ್ನು ನೆಲದ ಮೇಲಿದ್ದ ಸಮಯದಿಂದ ಭಾಗಿಸುತ್ತಾರೆ. ಟ್ರಿಪಲ್ ಜಂಪ್ ಮಾಡುವವರಿಗೆ ನನ್ನ ಪ್ರಕಾರ ಈ ಮೂರನೆಯದೇ ಮುಖ್ಯ, ಯಾಕೆಂದರೆ ಅವರ ಆಟವೇ ಪುಟಿಯುವುದು.

ದೊಡ್ಡ ತರಬೇತಿ ಕೇಂದ್ರಗಳಲ್ಲಿ ಫೋರ್ಸ್ ಪ್ಲೇಟ್ ಇರುತ್ತದೆ. ನೋಡಲು ಒಂದು ದಪ್ಪ ಹಲಗೆ. ಸೆಕೆಂಡಿಗೆ ಸಾವಿರ ಸಲ ಕಾಲು ಒತ್ತಿದ ಬಲವನ್ನು ಬರೆದುಕೊಳ್ಳುತ್ತದೆ. 60 ಕೆಜಿಯವರು ಸುಮ್ಮನೆ ನಿಂತರೆ ಸುಮಾರು 589 ನ್ಯೂಟನ್‌ನಲ್ಲಿ ಸಪಾಟು ಗೆರೆ. ಕುಗ್ಗಲು ಶುರುಮಾಡಿದ ಕೂಡಲೇ ಗೆರೆ ಕೆಳಗಿಳಿಯುತ್ತದೆ, ಲಿಫ್ಟ್ ಇಳಿಯುವಾಗ ಮೈ ಹಗುರ ಅನ್ನಿಸುತ್ತದಲ್ಲ, ಹಾಗೆ. ಆಮೇಲೆ ಇಳಿತವನ್ನು ತಡೆಯುವಾಗ ಗೆರೆ ಮೇಲೇರುತ್ತದೆ, ಚಿಮ್ಮುವಾಗ ಉತ್ತುಂಗದಲ್ಲಿರುತ್ತದೆ, ಪಾದ ಬಿಟ್ಟಾಗ ಸೊನ್ನೆ. ಮೈಭಾರಕ್ಕಿಂತ ಎಷ್ಟು ಬಲ ಜಾಸ್ತಿ, ಎಷ್ಟು ಹೊತ್ತು ಅಂತ ಕೂಡುತ್ತಾ ಹೋದರೆ ನೆಲ ಬಿಟ್ಟ ವೇಗ ಗೊತ್ತಾಗುತ್ತದೆ. ಆ ವೇಗದಿಂದ ಎತ್ತರ. ಹಾಗಾಗಿ ಮಂಡಿ ಮಡಚಿ ಇಳಿದರೂ ಈ ಲೆಕ್ಕ ಕೆಡುವುದಿಲ್ಲ. ಒಂದೊಂದು ಕಾಲಿಗೆ ಒಂದೊಂದು ಹಲಗೆ ಇಟ್ಟರೆ ಇನ್ನೂ ಒಂದು ಸಂಗತಿ ಹೊರಬರುತ್ತದೆ. ಮಂಡಿಯ ಆಪರೇಷನ್ ಆಗಿ ವಾಪಸ್ ಬಂದವರು ಮೊದಲಿನಷ್ಟೇ ಎತ್ತರ ಜಿಗಿಯಬಹುದು, ಆದರೆ ಭಾರವನ್ನೆಲ್ಲ ಚೆನ್ನಾಗಿರುವ ಕಾಲಿನ ಮೇಲೆ ಹಾಕಿರುತ್ತಾರೆ. ಅವರಿಗೇ ಅದು ಗೊತ್ತಿರುವುದಿಲ್ಲ. ನೊಂದ ಕಾಲಿನ ಬಲ ಇನ್ನೊಂದರ 90 ಶೇಕಡವಾದರೂ ಆಗುವ ತನಕ ಮೈದಾನಕ್ಕೆ ಬಿಡಬಾರದು ಅನ್ನುವ ಪದ್ಧತಿ ಹೆಚ್ಚು ಕಡೆ ಇದೆ.

ಒಂದು ಚಿಮ್ಮಿನ ಪವರ್ ಬೇರೆ, ಅರ್ಧ ನಿಮಿಷ ಎಳೆದಾಡುವ ಪವರ್ ಬೇರೆ. ಎರಡನೆಯದಕ್ಕೆ ವಿಂಗೇಟ್ ಟೆಸ್ಟ್. 1970ರ ದಶಕದಲ್ಲಿ ಇಸ್ರೇಲಿನ ವಿಂಗೇಟ್ ಸಂಸ್ಥೆಯಲ್ಲಿ ರೂಪುಗೊಂಡದ್ದು. ನಿಂತಲ್ಲೇ ಇರುವ ಸೈಕಲ್‌ಗೆ ಮೈತೂಕದ ಪ್ರತಿ ಕೆಜಿಗೆ 75 ಗ್ರಾಂ ಲೆಕ್ಕದಲ್ಲಿ ಭಾರ ಹಾಕುತ್ತಾರೆ. 60 ಕೆಜಿಯವರಿಗೆ ನಾಲ್ಕೂವರೆ ಕೆಜಿ. 30 ಸೆಕೆಂಡ್, ಒಂದು ಚೂರೂ ಉಳಿಸಿಕೊಳ್ಳದೆ ತುಳಿಯಬೇಕು. ಮೊದಲ ಐದು ಸೆಕೆಂಡಿನಲ್ಲಿ ಬರುವ ಶಿಖರ, ಇಡೀ 30ರ ಸರಾಸರಿ, ಕೊನೆಗೆ ಎಷ್ಟು ಕುಸಿಯಿತು ಅನ್ನುವುದು, ಈ ಮೂರನ್ನು ನೋಡುತ್ತಾರೆ. ಇಳಿದ ಮೇಲೆ ಎಷ್ಟೋ ಜನರಿಗೆ ತಲೆ ಸುತ್ತುತ್ತದೆ, ವಾಂತಿ ಬರುತ್ತದೆ. ಕಬಡ್ಡಿಯ ರೇಡ್ ಕೂಡ 30 ಸೆಕೆಂಡೇ ಅಂತ ಕೆಲವರು ಇದನ್ನು ಕಬಡ್ಡಿಯವರಿಗೂ ಮಾಡಿಸುತ್ತಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ರೇಡರ್ 30 ಸೆಕೆಂಡ್ ಒಂದೇ ಸಮ ತುಳಿಯುವುದಿಲ್ಲ. ಕಾಯುತ್ತಾನೆ, ಒಂದು ಗಳಿಗೆ ಚಿಮ್ಮುತ್ತಾನೆ, ಮತ್ತೆ ಕಾಯುತ್ತಾನೆ. ಅವನಿಗೆ ಜಿಗಿತ ಮತ್ತು ಹತ್ತು ಮೀಟರ್ ಓಟವೇ ಹತ್ತಿರದ ಟೆಸ್ಟ್.

ಇನ್ನು ತೂಕದ ಪ್ರಶ್ನೆ. ಹಗುರ ಮೈಯವರನ್ನೂ ಭಾರಿ ಮೈಯವರನ್ನೂ ಹೋಲಿಸುವುದು ಹೇಗೆ? ಎತ್ತಿದ್ದನ್ನು ಮೈತೂಕದಿಂದ ಭಾಗಿಸಿದರೆ ಆಯಿತಲ್ಲ ಅಂತ ಅನ್ನಿಸುತ್ತದೆ. ಇದನ್ನು ಒಬ್ಬರೇ ಆಟಗಾರನ ಲೆಕ್ಕದಲ್ಲಿ ನೋಡೋಣ. ನಮ್ಮ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 111 ಮತ್ತು ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಹೆಗಲಿಗೆ, ಅಲ್ಲಿಂದ ತಲೆಯ ಮೇಲಕ್ಕೆ) 138, ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿ ವಿಭಾಗದಲ್ಲಿ 118 ಮತ್ತು 151, ಒಟ್ಟು 269 ಕೆಜಿ, ಕಂಚು. ವಿಭಾಗದ ತೂಕದಿಂದ ಭಾಗಿಸಿದರೆ ಮೊದಲು 4.45 ಪಟ್ಟು, ಆಮೇಲೆ 4.41. ಹಾಗಾದರೆ ಇಪ್ಪತ್ತು ಕೆಜಿ ಜಾಸ್ತಿ ಎತ್ತಿದ ಮನುಷ್ಯ ದುರ್ಬಲನಾದನೇ?

ಇಲ್ಲ. ಭಾಗಿಸಿದ ರೀತಿಯೇ ತಪ್ಪು. ಸ್ನಾಯುವಿನ ಬಲ ಅದರ ದಪ್ಪಕ್ಕೆ, ಅಂದರೆ ಅಡ್ಡ ಕೊಯ್ದಾಗ ಕಾಣುವ ಭಾಗದ ವಿಸ್ತೀರ್ಣಕ್ಕೆ ತಕ್ಕಂತೆ ಇರುತ್ತದೆ. ಒಂದು ದೇಹವನ್ನು ಎಲ್ಲ ದಿಕ್ಕಿನಲ್ಲೂ ಎರಡು ಪಟ್ಟು ಮಾಡಿದರೆ ಆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟು. ಇರುವೆ ತನಗಿಂತ ಎಷ್ಟೋ ಪಟ್ಟು ಭಾರ ಹೊರುವುದು ಇದಕ್ಕೇ. ಹಾಗಾಗಿ ಮೈತೂಕದ 2/3 ಘಾತದಿಂದ, ಅಂದರೆ ಮೈತೂಕದ ಘನಮೂಲವನ್ನು ಅದರಿಂದಲೇ ಗುಣಿಸಿದರೆ ಬರುವ ಸಂಖ್ಯೆಯಿಂದ, ಭಾಗಿಸುವುದು ಹೆಚ್ಚು ನ್ಯಾಯ. ಹಾಗೆ ಮಾಡಿದರೆ ಗುರುರಾಜ ಅವರದು 2018ರಲ್ಲಿ 17.0, 2022ರಲ್ಲಿ 17.4. ನಂಬರ್ ಮೇಲೆ ಹೋಯಿತು. ವೇಟ್‌ಲಿಫ್ಟಿಂಗ್‌ನಲ್ಲಿ ಬೇರೆ ಬೇರೆ ತೂಕದವರನ್ನು ಹೋಲಿಸಲು ಬಳಸುವ ಸಿಂಕ್ಲೇರ್ ಗುಣಾಂಕ ಹುಟ್ಟಿದ್ದೂ ಇದೇ ಚಿಂತೆಯಿಂದ, ಅದರ ಲೆಕ್ಕ ಮಾತ್ರ ಬೇರೆ ಬಗೆಯದು.

ಕೊನೆಯ ಸಂಗತಿ, ಎಲ್ಲರೂ ಮರೆಯುವುದು ಇದನ್ನೇ. ಯಾವ ಟೆಸ್ಟೂ ಎರಡು ಸಲ ಒಂದೇ ನಂಬರ್ ಕೊಡುವುದಿಲ್ಲ. ಸಂಜೆ ಮೈ ಬಿಸಿ ಇರುತ್ತದೆ, ಬೆಳಗ್ಗೆಗಿಂತ ಪವರ್ ಜಾಸ್ತಿ ಬರುತ್ತದೆ. ಒಂದು ಲೋಟ ಸ್ಟ್ರಾಂಗ್ ಕಾಫಿ ಕುಡಿದರೂ ವ್ಯತ್ಯಾಸ ಆಗಬಹುದು. ಶೂ ಬದಲಾದರೆ, ನಿದ್ದೆ ಕೆಟ್ಟರೆ, ನಿನ್ನೆ ಕಾಲಿಗೆ ಕೆಲಸ ಜಾಸ್ತಿ ಆಗಿದ್ದರೆ ಮತ್ತೊಂದು ನಂಬರ್. ಹಾಗಾಗಿ ಏರಿತು, ಇಳಿಯಿತು ಅನ್ನುವ ಮೊದಲು ಏನೂ ಬದಲಾಗದೇ ಇದ್ದಾಗ ಎಷ್ಟು ಅಲ್ಲಾಡುತ್ತದೆ ಅಂತ ತಿಳಿದಿರಬೇಕು. ಸುಮ್ಮನೆ ಇದ್ದಾಗಲೇ ಒಂದೂವರೆ ಸೆಂಟಿಮೀಟರ್ ಅಲ್ಲಾಡುವ ನಂಬರ್ ಒಂದು ಸೆಂಟಿಮೀಟರ್ ಏರಿದರೆ ಅದಕ್ಕೆ ಸಿಹಿ ಹಂಚಬೇಕಿಲ್ಲ.

ಅಕ್ಕನ ಮಗಳು ಈಗ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಭಾನುವಾರ ಸಂಜೆ ಐದು ಗಂಟೆ, ಅದೇ ಹಳೇ ಶೂ, ಅದೇ ಸಿಮೆಂಟ್ ಕಟ್ಟೆಯ ಮುಂದೆ, ಕೈ ಸೊಂಟದ ಮೇಲೆ, ಕಾಲು ನೆಟ್ಟಗಿಟ್ಟು ಇಳಿಯುವುದು. ಮೂರು ಜಿಗಿತ. ಮೊದಲ ಭಾನುವಾರ 30.1, 31.2, 30.7. ಎರಡನೆಯದು 31.7, 30.1, 30.7. ಹೋದ ಭಾನುವಾರ 123, 122, 123 ಫ್ರೇಮ್ ಬಂತು, ಅಂದರೆ 32.2, 31.7, 32.2. ಅಕ್ಕ "ಏರಿದೆ ಕಣೇ" ಅಂದರೂ ಅವಳು ಆ ಸಾಲಿನ ಮುಂದೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಬಿಟ್ಟಿದ್ದಾಳೆ. ಇನ್ನೆರಡು ಭಾನುವಾರ ನೋಡಿ ಆಮೇಲೆ ಪೆನ್ನಿನಲ್ಲಿ ಬರೆಯುತ್ತಾಳಂತೆ.